ನೈಜೀರಿಯಾದ ಎಸ್.ಎಲ್. ಅಕಿಂಟೋಲ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕಿಂಟೋಲ ಅಂದರೆ ಯಾರು?

ಪೂರ್ತಿ ಹೆಸರು ಸ್ಯಾಮ್ಯುಯೆಲ್ ಲಡೋಕೆ ಅಕಿಂಟೋಲ. ಅಭಿಮಾನಿಗಳು 'ಎಸ್.ಎಲ್.ಎ.' ಅನ್ನುತ್ತಿದ್ದರು. ನೈಜೀರಿಯಾದ ಪಶ್ಚಿಮ ಪ್ರಾಂತ್ಯಕ್ಕೆ 1959ರ ಡಿಸೆಂಬರ್‌ನಲ್ಲಿ ಪ್ರೀಮಿಯರ್ ಆದವರು. ನಡುವೆ ಏಳು ತಿಂಗಳು ಅಧಿಕಾರ ಕೈತಪ್ಪಿತ್ತು. ಅದು ಬಿಟ್ಟರೆ 1966ರ ಜನವರಿ 15ರಂದು ಸೈನಿಕರ ಗುಂಡಿಗೆ ಬಲಿಯಾಗುವ ತನಕ ಅವರೇ ಪ್ರೀಮಿಯರ್. ಆಗ ಅವರಿಗೆ 55 ವರ್ಷ.

ಅವರದೇ ಸಮುದಾಯವಾದ ಯೊರುಬ ಜನರ ನಡುವೆ ಇವತ್ತಿಗೂ ಅವರ ಹೆಸರು ಎತ್ತಿದರೆ ಎರಡು ಮಾತು ಬರುತ್ತವೆ. ಒಬ್ಬರು ದ್ರೋಹಿ ಅನ್ನುತ್ತಾರೆ. ಇನ್ನೊಬ್ಬರು ದೂರದ ದೃಷ್ಟಿ ಇದ್ದ ಜಾಣ ಅನ್ನುತ್ತಾರೆ. ನನಗೆ ಅವರ ಬಗ್ಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ಬಹುಮತ ಇದೆಯೋ ಇಲ್ಲವೋ ಅಂತ ಸದನದಲ್ಲೇ ಎಣಿಸಿ ನೋಡಿ ಎಂದು ಕೋರ್ಟಿಗೆ ಹೋದ ಮನುಷ್ಯ ಇವರು. ಮೂರೇ ವರ್ಷದಲ್ಲಿ ಇವರ ಸರ್ಕಾರದ ಕೈಕೆಳಗೆ ಜನರ ಮತಗಳನ್ನು ಸರಿಯಾಗಿ ಎಣಿಸದ ಚುನಾವಣೆ ನಡೆಯಿತು. ಈ ಎರಡೂ ಒಬ್ಬರ ಬದುಕಿನಲ್ಲೇ ಹೇಗೆ ಆದವು ಅನ್ನುವುದೇ ಕೆಳಗಿನ ಬಹುಪಾಲು ಉತ್ತರಗಳ ವಿಷಯ.

ಪ್ರೀಮಿಯರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗಾ?

ಹೆಚ್ಚು ಕಡಿಮೆ ಹಾಗೇ. 1960ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ ಬಂದಾಗ ನೈಜೀರಿಯಾದಲ್ಲಿ ಇದ್ದದ್ದು ಮೂರೇ ಪ್ರಾಂತ್ಯ: ಉತ್ತರ, ಪೂರ್ವ, ಪಶ್ಚಿಮ. ಒಂದೊಂದಕ್ಕೂ ಒಬ್ಬ ಗವರ್ನರ್, ಒಬ್ಬ ಪ್ರೀಮಿಯರ್, ತನ್ನದೇ ಶಾಸನಸಭೆ. ಉತ್ತರದಲ್ಲಿ ಹೌಸಾ ಮತ್ತು ಫುಲಾನಿ ಜನ, ಪೂರ್ವದಲ್ಲಿ ಇಗ್ಬೊ, ಪಶ್ಚಿಮದಲ್ಲಿ ಯೊರುಬ ಜನ ಜಾಸ್ತಿ. ಪಶ್ಚಿಮದ ರಾಜಧಾನಿ ಇಬಾದಾನ್. ಕೋಕೋ ಬೆಳೆಯ ದುಡ್ಡಿನಿಂದ ಆ ಪ್ರಾಂತ್ಯ ಚೆನ್ನಾಗಿತ್ತು. ಪ್ರೀಮಿಯರ್ ಹುದ್ದೆಗೆ ಆಗ ಎಷ್ಟು ತೂಕ ಇತ್ತು ಅಂದರೆ, ಉತ್ತರದ ದೊಡ್ಡ ನಾಯಕ ಅಹ್ಮದು ಬೆಲ್ಲೊ ತಮ್ಮ ಪ್ರಾಂತ್ಯದಲ್ಲೇ ಉಳಿದು, ದೇಶದ ಪ್ರಧಾನಿಯಾಗಲು ತಮ್ಮ ಪಕ್ಷದ ಅಬುಬಕರ್ ತಫಾವಾ ಬಲೆವಾ ಅವರನ್ನು ಆಗಿನ ರಾಜಧಾನಿ ಲಾಗೋಸ್‌ಗೆ ಕಳಿಸಿದ್ದರು.

ಅವರು ಹುಟ್ಟಿ ಬೆಳೆದದ್ದು ಎಲ್ಲಿ?

1910ರ ಜುಲೈ 6ರಂದು ಒಗ್ಬೊಮೊಶೊ ಊರಲ್ಲಿ ಹುಟ್ಟಿದರು. ಬಾಲ್ಯದ ಒಂದಷ್ಟು ವರ್ಷ ಕಳೆದದ್ದು ಉತ್ತರದ ಮಿನ್ನಾದಲ್ಲಿ. ಹೀಗಾಗಿ ಯೊರುಬ ಜೊತೆಗೆ ಹೌಸಾ, ನುಪೆ ಭಾಷೆಗಳೂ ಬಾಯಿಗೆ ಬಂದವು. ಮುಂದೆ ಉತ್ತರದವರ ಜೊತೆ ಅವರದೇ ಮಾತಿನಲ್ಲಿ ಮಾತಾಡಿ ಬೆರೆಯಲು ಇದು ಸಹಾಯಕ್ಕೆ ಬಂತು. 1922ರಲ್ಲಿ ಊರಿಗೆ ವಾಪಸ್ ಬಂದು ಬ್ಯಾಪ್ಟಿಸ್ಟ್ ಶಾಲೆ, ಕಾಲೇಜುಗಳಲ್ಲಿ ಓದಿದರು. ಆಮೇಲೆ ಲಾಗೋಸ್‌ನ ಬ್ಯಾಪ್ಟಿಸ್ಟ್ ಅಕಾಡೆಮಿಯಲ್ಲಿ ಸುಮಾರು ಹನ್ನೆರಡು ವರ್ಷ ಮೇಷ್ಟ್ರಾಗಿದ್ದರು.

ಮೇಷ್ಟ್ರು ರಾಜಕೀಯಕ್ಕೆ ಬಂದದ್ದು ಹೇಗೆ?

ಪತ್ರಿಕೆಯ ದಾರಿಯಿಂದ. 1940ರ ದಶಕದಲ್ಲಿ ಅವರು ನೈಜೀರಿಯನ್ ಯೂತ್ ಮೂವ್‌ಮೆಂಟ್ ಸೇರಿದರು. 'ಡೈಲಿ ಸರ್ವಿಸ್' ಪತ್ರಿಕೆಯ ಸಂಪಾದಕರಾದರು. 1946ರಲ್ಲಿ ಬ್ರಿಟನ್ನಿಗೆ ಹೋಗಿ ಕಾನೂನು ಓದಿ, 1950ರಲ್ಲಿ ವಕೀಲರಾಗಿ ಮರಳಿದರು. ಮರು ವರ್ಷವೇ ಒಬಫೆಮಿ ಅವೊಲೊವೊ ನಾಯಕತ್ವದಲ್ಲಿ ಆಕ್ಷನ್ ಗ್ರೂಪ್ ಪಕ್ಷ ಶುರುವಾಯಿತು. ಅಕಿಂಟೋಲ ಅದರ ಉಪನಾಯಕರಾದರು. ಕೇಂದ್ರದಲ್ಲಿ ಕಾರ್ಮಿಕ, ಆರೋಗ್ಯ, ಸಂಪರ್ಕ ಮತ್ತು ವಿಮಾನಯಾನ ಖಾತೆಗಳನ್ನು ನೋಡಿಕೊಂಡರು.

ಮಾತಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಇದನ್ನು ವಿರೋಧಿಗಳೂ ಒಪ್ಪುತ್ತಾರೆ. ಯೊರುಬದಲ್ಲಿ ಒಂದೇ ಪದವನ್ನು ಸ್ವರ ಏರಿಸಿ ಇಳಿಸಿ ಹೇಳಿದರೆ ಅರ್ಥವೇ ಬದಲಾಗುತ್ತದೆ. ಆ ಏರಿಳಿತದಲ್ಲಿ ಆಟ ಆಡಿ, ಎದುರಾಳಿಯ ಹೆಸರನ್ನೇ ತಿರುಗಿಸಿ, ಗಾದೆ ಸೇರಿಸಿ ಮಾತಾಡಿದರೆ ಮೈದಾನದಲ್ಲಿದ್ದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಂಥ ಮಾತನ್ನು ಬೇರೆ ಭಾಷೆಗೆ ತರುವುದು ಆಗದ ಕೆಲಸ. ಹೊರಗಿನ ಓದುಗರಿಗೆ ಅಕಿಂಟೋಲ ಅರ್ಧ ಮಾತ್ರ ಸಿಗುತ್ತಾರೆ ಅಂತ ನನಗೆ ಅನ್ನಿಸುವುದು ಇದಕ್ಕೇ.

ಕಾನೋ ಗಲಭೆಗೂ ಅವರಿಗೂ ಏನು ಸಂಬಂಧ?

1953ರಲ್ಲಿ ಆಕ್ಷನ್ ಗ್ರೂಪ್‌ನ ಆಂಟನಿ ಎನಹೊರೊ, 1956ಕ್ಕೆ ಸ್ವರಾಜ್ಯ ಬೇಕು ಎಂಬ ಗೊತ್ತುವಳಿ ತಂದರು. ಉತ್ತರದ ನಾಯಕರಿಗೆ ಅಷ್ಟು ಅವಸರ ಬೇಡವಾಗಿತ್ತು. ಅವರು ಒಪ್ಪಲಿಲ್ಲ. ಲಾಗೋಸ್‌ನ ಬೀದಿಗಳಲ್ಲಿ ಜನ ಅವರನ್ನು ಕೂಗಿ ಅವಮಾನ ಮಾಡಿದರು. ಆ ಗಾಯ ಹಸಿಯಾಗಿದ್ದಾಗಲೇ ಆಕ್ಷನ್ ಗ್ರೂಪ್ ತನ್ನ ಪ್ರಚಾರದ ತಂಡವನ್ನು ಉತ್ತರದ ಕಾನೋಗೆ ಕಳಿಸಲು ಹೊರಟಿತು. ತಂಡದ ಮುಂದಾಳು ಅಕಿಂಟೋಲ. ಮೇ 16ರಿಂದ ನಾಲ್ಕು ದಿನ ಕಾನೋ ಹೊತ್ತಿ ಉರಿಯಿತು. ಸರ್ಕಾರದ ಲೆಕ್ಕದಲ್ಲೇ 36 ಜನ ಸತ್ತರು. ಸತ್ತವರಲ್ಲಿ ಹಲವರು ಇಗ್ಬೊ ಜನ. ಅವರಿಗೂ ಆಕ್ಷನ್ ಗ್ರೂಪ್‌ಗೂ ಸಂಬಂಧವೇ ಇರಲಿಲ್ಲ.

ಉತ್ತರದವರ ಕಣ್ಣಿಗೆ ಅಂದು ಅಷ್ಟು ಕೆಟ್ಟವರಾಗಿದ್ದ ಅಕಿಂಟೋಲ, ಹತ್ತು ವರ್ಷ ಕಳೆಯುವಷ್ಟರಲ್ಲಿ ಅಹ್ಮದು ಬೆಲ್ಲೊ ಅವರ ಆಪ್ತ ಮಿತ್ರರಾದರು.

ನೈಜೀರಿಯಾದ ಸ್ವಾತಂತ್ರ್ಯದ ಗೊತ್ತುವಳಿ ಮಂಡಿಸಿದ್ದು ಇವರೇನಾ?

1953ರದು ಎನಹೊರೊ ಅವರದು. ಅದು ಪಾಸಾಗಲಿಲ್ಲ. 1957ರ ಮಾರ್ಚ್‌ನಲ್ಲಿ ಅಕಿಂಟೋಲ ಮಂಡಿಸಿದ್ದನ್ನು ಎಲ್ಲ ಪಕ್ಷಗಳೂ ಒಪ್ಪಿದವು. ಇಬ್ಬರಿಗೂ ಸಲ್ಲಬೇಕಾದ ಗೌರವ ಇದೆ.

ಅವೊಲೊವೊ ಜೊತೆ ಮನಸ್ತಾಪ ಶುರುವಾದದ್ದು ಯಾಕೆ?

ಅವೊಲೊವೊ ಪಶ್ಚಿಮದ ಪ್ರೀಮಿಯರ್ ಆಗಿ ದೊಡ್ಡ ಹೆಸರು ಮಾಡಿದ್ದರು. 1955ರಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ತಂದರು. 1959ರಲ್ಲಿ ಇಬಾದಾನ್‌ನಲ್ಲಿ ಟಿವಿ ಕೇಂದ್ರ ತೆರೆಸಿದರು. ಅದೇ ವರ್ಷ ಪ್ರಧಾನಿ ಆಗುವ ಆಸೆಯಿಂದ ಕೇಂದ್ರಕ್ಕೆ ಸ್ಪರ್ಧಿಸಿದರು. ಗೆಲುವು ಸಿಗಲಿಲ್ಲ, ವಿರೋಧ ಪಕ್ಷದ ನಾಯಕರಾಗಿ ಕೂತರು. ಇಬಾದಾನ್‌ನ ಕುರ್ಚಿಯಲ್ಲಿ ಅಷ್ಟು ಹೊತ್ತಿಗೆ ಅಕಿಂಟೋಲ ಕೂತಿದ್ದರು. ಪಕ್ಷ ಒಬ್ಬರ ಕೈಯಲ್ಲಿ, ಸರ್ಕಾರ ಇನ್ನೊಬ್ಬರ ಕೈಯಲ್ಲಿ. ಸರ್ಕಾರ ನನ್ನನ್ನು ಕೇಳಿ ನಡೆಯಬೇಕು ಅಂತ ಅವೊಲೊವೊಗೆ. ಪ್ರೀಮಿಯರ್ ನಾನು, ಎಲ್ಲದಕ್ಕೂ ಅವರ ಅಪ್ಪಣೆ ಯಾಕೆ ಅಂತ ಅಕಿಂಟೋಲಗೆ. ಇಂಥ ಜಗಳ ನಾವು ನೋಡದ್ದೇನಲ್ಲ, ಅಲ್ವಾ?

ಆದರೆ ಬರೀ ಕುರ್ಚಿಯ ಜಗಳ ಅಂದರೆ ಇಬ್ಬರಿಗೂ ಅನ್ಯಾಯ. ಇಬ್ಬರ ದಾರಿಯೂ ಬೇರೆ ಆಗಿತ್ತು. ಅವೊಲೊವೊ ಪ್ರಜಾಸತ್ತಾತ್ಮಕ ಸಮಾಜವಾದ ಅನ್ನತೊಡಗಿದ್ದರು. ಉತ್ತರದಲ್ಲೂ ಪಕ್ಷ ಕಟ್ಟಿ, ಅಲ್ಲಿನ ಸಣ್ಣ ಸಮುದಾಯಗಳ ಬೆಂಬಲದಿಂದ ಕೇಂದ್ರವನ್ನು ಗೆಲ್ಲಬೇಕು ಎನ್ನುವುದು ಅವರ ಹಟ. ಅಕಿಂಟೋಲ ಅವರದು ಲೆಕ್ಕಾಚಾರದ ಮಾತು. ಉತ್ತರದ್ದು ದೊಡ್ಡ ಪ್ರಾಂತ್ಯ, ಕೇಂದ್ರ ಅವರ ಕೈಯಲ್ಲೇ ಇರುತ್ತದೆ. ಅವರ ಜೊತೆ ಸೇರಿದ ಇಗ್ಬೊಗಳಿಗೆ ಕೇಂದ್ರದ ಹುದ್ದೆಗಳು ಸಿಗುತ್ತಿವೆ, ನಾವು ಯೊರುಬಗಳು ಹೊರಗೆ ನಿಂತು ಕೂಗುತ್ತಿದ್ದೇವೆ. ಸುಮ್ನೆ ಜಗಳ ಆಡುವುದಕ್ಕಿಂತ ಒಳಗೆ ಹೋಗಿ ನಮ್ಮ ಪಾಲು ಪಡೆಯೋಣ ಅಂದರು. 1962ರ ಆರಂಭದಲ್ಲಿ ಜೋಸ್ ಊರಲ್ಲಿ ಪಕ್ಷದ ಮಹಾಸಭೆ ನಡೆದಾಗ ಒಡಕು ಎಲ್ಲರಿಗೂ ಕಾಣಿಸಿತು. ಅಕಿಂಟೋಲ ಸಭೆ ಮುಗಿಯುವ ಮೊದಲೇ ಹೊರಟುಹೋದರು.

1962ರ ಮೇ ತಿಂಗಳಲ್ಲಿ ಅವರನ್ನು ವಜಾ ಮಾಡಿದ್ದು ಹೇಗೆ?

ಪಕ್ಷ ರಾಜೀನಾಮೆ ಕೇಳಿತು. ಅವರು ಕೊಡಲಿಲ್ಲ. ಶಾಸನಸಭೆ ವಿಸರ್ಜಿಸಿ, ಜನರ ಹತ್ತಿರ ಹೋಗುತ್ತೇನೆ ಅಂದರು. ಗವರ್ನರ್ ಒಪ್ಪಲಿಲ್ಲ. ಸದನ ಕರೆಯಿರಿ, ಅಲ್ಲಿ ವಿಶ್ವಾಸಮತ ಕೇಳುತ್ತೇನೆ ಅಂದರು. ಸ್ಪೀಕರ್ ಒಪ್ಪಲಿಲ್ಲ. ಅಷ್ಟರಲ್ಲಿ 66 ಶಾಸಕರ ಸಹಿ ಇದ್ದ ಪತ್ರ ಗವರ್ನರ್ ಕೈಸೇರಿತು. ಅಕಿಂಟೋಲ ಮೇಲೆ ನಮಗೆ ವಿಶ್ವಾಸ ಇಲ್ಲ ಅಂತ ಅದರಲ್ಲಿತ್ತು. ಸಹಿ ಹಾಕಿದವರು ಸದನದ ಅರ್ಧಕ್ಕಿಂತ ಜಾಸ್ತಿ.

ಗವರ್ನರ್ ಆಗಿದ್ದವರು ಸರ್ ಅಡೆಸೋಜಿ ಅಡೆರೆಮಿ. ಅವರು ಇಫೆಯ ಊನಿ ಕೂಡ ಹೌದು, ಅಂದರೆ ಯೊರುಬ ಜನ ತುಂಬಾ ಗೌರವಿಸುವ ಅರಸ. ಮೇ 21ರಂದು ಅವರು ಅಕಿಂಟೋಲರನ್ನು ವಜಾ ಮಾಡಿ, ದೌದಾ ಅಡೆಗ್ಬೆನ್ರೊ ಅವರಿಗೆ ಪ್ರಮಾಣವಚನ ಬೋಧಿಸಿದರು. ಅಕಿಂಟೋಲ ನೇರ ಕೋರ್ಟಿಗೆ ಹೋದರು.

ಸದನದಲ್ಲಿ ಕುರ್ಚಿ ಎಸೆದರು ಅನ್ನುತ್ತಾರೆ, ನಿಜವೇ?

ನಿಜ. ಮೇ 25ರಂದು ಹೊಸ ಸರ್ಕಾರಕ್ಕೆ ವಿಶ್ವಾಸಮತ ಪಡೆಯಲು ಸದನ ಸೇರಿತು. ಅಕಿಂಟೋಲ ಬಣದ ಶಾಸಕರೊಬ್ಬರು ಮೇಜಿನ ಮೇಲೆ ಹಾರಿ, ಬೆಟ್ಟಕ್ಕೆ ಬೆಂಕಿ ಬಿದ್ದಿದೆ ಅಂತ ಕೂಗತೊಡಗಿದರು. ಕುರ್ಚಿಗಳು ಹಾರಿದವು. ಇನ್ನೊಬ್ಬರು ಸ್ಪೀಕರ್ ಮುಂದಿದ್ದ ರಾಜದಂಡವನ್ನೇ ಕಿತ್ತು ಬೀಸಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಅದೇ ದಿನ ಮತ್ತೆ ಸೇರಿದಾಗಲೂ ಇದೇ ಗತಿ.

ಗಲಾಟೆ ಮಾಡಿದ ಬಣ ಚಿಕ್ಕದು. ಮತಕ್ಕೆ ಹಾಕಿದರೆ ಸೋಲುತ್ತಿದ್ದವರು ಅವರೇ. ಸದನದಲ್ಲಿ ಎಣಿಸಿ ಅಂತ ಕೇಳಿದವರ ಕಡೆಯವರೇ ಎಣಿಕೆ ನಡೆಯದಂತೆ ತಡೆದರು ಎಂಬುದನ್ನು ಮರೆಯಬಾರದು.

ಮೇ 29ರಂದು ಪ್ರಧಾನಿ ಬಲೆವಾ ಪಶ್ಚಿಮದಲ್ಲಿ ತುರ್ತುಪರಿಸ್ಥಿತಿ ಹೇರಿದರು. ಡಾಕ್ಟರ್ ಮಜೆಕೊಡುನ್ಮಿ ಎಂಬ ಕೇಂದ್ರ ಸಚಿವರನ್ನು ಆಡಳಿತಗಾರರಾಗಿ ಕೂರಿಸಿದರು. ನಮ್ಮ ರಾಷ್ಟ್ರಪತಿ ಆಳ್ವಿಕೆ ಇದ್ದ ಹಾಗೆ ಆರು ತಿಂಗಳು ನಡೆಯಿತು.

ಕೋರ್ಟ್ ಏನು ಹೇಳಿತು?

ಎರಡು ಕೋರ್ಟು, ಎರಡು ಉತ್ತರ. ಪ್ರಶ್ನೆ ಮಾತ್ರ ಒಂದೇ: ಪ್ರೀಮಿಯರ್‌ಗೆ ಬಹುಮತ ಇಲ್ಲ ಅಂತ ಗವರ್ನರ್ ತಿಳಿದುಕೊಳ್ಳುವುದು ಹೇಗೆ? ಪತ್ರ ನೋಡಿದರೆ ಸಾಕಾ, ಸದನದಲ್ಲಿ ಮತ ಆಗಲೇಬೇಕಾ?

1962ರ ಜುಲೈನಲ್ಲಿ ನೈಜೀರಿಯಾದ ಸುಪ್ರೀಂ ಕೋರ್ಟ್ ಬಹುಮತದ ತೀರ್ಪಿನಲ್ಲಿ ಅಕಿಂಟೋಲ ಪರ ನಿಂತಿತು. ಸದನದಲ್ಲಿ ನಡೆದದ್ದನ್ನು ಆಧರಿಸಿಯೇ ಗವರ್ನರ್ ತೀರ್ಮಾನಿಸಬೇಕು ಅಂದಿತು. ಅಡೆಗ್ಬೆನ್ರೊ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರು; ನೈಜೀರಿಯಾಕ್ಕೆ ಆಗ ಕೊನೆಯ ಮೇಲ್ಮನವಿಯ ಕೋರ್ಟ್ ಅದೇ. 1963ರ ಮೇ ತಿಂಗಳಲ್ಲಿ ಅಲ್ಲಿ ತೀರ್ಪು ಉಲ್ಟಾ ಆಯಿತು. ಸಂವಿಧಾನದಲ್ಲಿ 'ಗವರ್ನರ್‌ಗೆ ಕಂಡುಬಂದರೆ' ಅಂತ ಇದೆ, ಸದನದಲ್ಲೇ ಮತ ಆಗಬೇಕು ಅಂತ ಇಲ್ಲ, ಹೀಗಾಗಿ ಪತ್ರವೂ ನಡೆಯುತ್ತದೆ ಎಂದಿತು.

ಅಷ್ಟು ಹೊತ್ತಿಗೆ ಅಕಿಂಟೋಲ ಮತ್ತೆ ಕುರ್ಚಿಯಲ್ಲಿದ್ದರು. ಅವರ ಸರ್ಕಾರ ಪ್ರಾಂತ್ಯದ ಸಂವಿಧಾನವನ್ನೇ ತಿದ್ದಿತು. ಸದನದ ನಿರ್ಣಯ ಇಲ್ಲದೆ ಪ್ರೀಮಿಯರನ್ನು ತೆಗೆಯುವ ಹಾಗಿಲ್ಲ, ಇದು 1960ರ ಅಕ್ಟೋಬರ್‌ನಿಂದಲೇ ಜಾರಿ ಎಂದು ಹಿಂದಿನ ದಿನಾಂಕ ಹಾಕಿಕೊಂಡಿತು. ಲಂಡನ್ನಿನಲ್ಲಿ ಗೆದ್ದ ಅಡೆಗ್ಬೆನ್ರೊ ಕೈಗೆ ಏನೂ ಸಿಗಲಿಲ್ಲ.

ಕರ್ನಾಟಕದ ಬೊಮ್ಮಾಯಿ ಪ್ರಕರಣದ ಹಾಗೇ ಇದೆಯಲ್ಲಾ?

ಹೌದು, ನಾನು ಈ ಕಥೆಗೆ ಬಂದದ್ದೇ ಆ ದಾರಿಯಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಪಡೆದಿದ್ದೇವೆ ಎಂದು 19 ಶಾಸಕರ ಪತ್ರಗಳು ರಾಜ್ಯಪಾಲರಿಗೆ ಹೋದವು. ಅವರಲ್ಲಿ ಏಳು ಜನ ಮರುದಿನವೇ ಮಾತು ಬದಲಿಸಿದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಸರ್ಕಾರ ವಜಾ ಆಯಿತು. ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ಸದನ, ರಾಜಭವನ ಅಲ್ಲ ಅಂತ ಗಟ್ಟಿಯಾಗಿ ಹೇಳಿತು.

ಅಂದರೆ 1962ರಲ್ಲಿ ಅಕಿಂಟೋಲ ಎತ್ತಿದ ವಾದವೇ ನಮ್ಮಲ್ಲಿ ಗೆದ್ದದ್ದು. ಅವರು ಎಂಥವರೇ ಇರಲಿ, ಆ ವಾದ ಸರಿಯಾಗಿತ್ತು ಅಂತಲೇ ನನ್ನ ನಂಬಿಕೆ. ಪತ್ರದ ಮೇಲಿನ ಸಹಿಯನ್ನು ರಾತ್ರೋರಾತ್ರಿ ಹಾಕಿಸಬಹುದು, ಬೆದರಿಸಿ ಹಾಕಿಸಬಹುದು. ಎಲ್ಲರೆದುರು ಎದ್ದು ನಿಂತು ಮತ ಹಾಕುವುದು ಬೇರೆ. ಮಲೇಷ್ಯಾದಲ್ಲೂ ಈ ಪ್ರಕರಣ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. 1966ರಲ್ಲಿ ಸರವಾಕ್ ಮುಖ್ಯಮಂತ್ರಿಯನ್ನು ವಜಾ ಮಾಡಿದಾಗ, 2009ರಲ್ಲಿ ಪೆರಾಕ್ ಸರ್ಕಾರ ಬಿದ್ದಾಗ, ವಕೀಲರು ಅಕಿಂಟೋಲ ಹೆಸರನ್ನೇ ಹಿಡಿದು ವಾದ ಮಾಡಿದರು.

ಮತ್ತೆ ಅಧಿಕಾರಕ್ಕೆ ಬಂದದ್ದು ಹೇಗೆ?

ಚುನಾವಣೆ ಇಲ್ಲದೆ. ತುರ್ತುಪರಿಸ್ಥಿತಿ ಮುಗಿದ ಮೇಲೆ, 1963ರ ಜನವರಿ 1ರಂದು ಅವರನ್ನೇ ಮತ್ತೆ ಪ್ರೀಮಿಯರ್ ಮಾಡಲಾಯಿತು. ತಮ್ಮ ಹೊಸ ಯುಪಿಪಿ ಪಕ್ಷವನ್ನು ಹಳೆಯ ಎದುರಾಳಿಯಾದ, ಪೂರ್ವದಲ್ಲಿ ಬಲವಿದ್ದ ಎನ್‌ಸಿಎನ್‌ಸಿ ಪಕ್ಷದ ಜೊತೆ ಕೂಡಿಸಿ ಸರ್ಕಾರ ನಡೆಸಿದರು. ಕೇಂದ್ರ ನೇಮಿಸಿದ್ದ ಕೋಕರ್ ಆಯೋಗ, ಕೋಕೋ ಮಾರಾಟ ಮಂಡಳಿಯ ದುಡ್ಡು ಆಕ್ಷನ್ ಗ್ರೂಪ್‌ಗೆ ಹರಿದದ್ದಕ್ಕೆ ಅವೊಲೊವೊ ಹೊಣೆ ಅಂದಿತು. ಅದೇ ಪಕ್ಷದ ಉಪನಾಯಕರೂ ಪ್ರೀಮಿಯರೂ ಆಗಿದ್ದ ಅಕಿಂಟೋಲ ಅವರದು ತಪ್ಪಿಲ್ಲ ಅಂದಿತು. ಜನ ಇದನ್ನು ನಂಬಲಿಲ್ಲ. ನಂಬುವುದು ಕಷ್ಟವೇ. ಆಮೇಲೆ ಅವೊಲೊವೊ ಮೇಲೆ ಸರ್ಕಾರ ಉರುಳಿಸುವ ಸಂಚಿನ ಕೇಸು ಬಿತ್ತು. 1963ರ ಸೆಪ್ಟೆಂಬರ್‌ನಲ್ಲಿ ಹತ್ತು ವರ್ಷ ಜೈಲು ಶಿಕ್ಷೆ ಆಯಿತು. ಅದೇ ವರ್ಷ ಪಶ್ಚಿಮವನ್ನು ಸೀಳಿ ಮಿಡ್‌ವೆಸ್ಟ್ ಪ್ರಾಂತ್ಯ ಮಾಡಿದರು. ಬೇರೆ ಎರಡು ಪ್ರಾಂತ್ಯಗಳನ್ನು ಯಾರೂ ಮುಟ್ಟಲಿಲ್ಲ. ಯೊರುಬ ಜನರಿಗೆ ಇದೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕಂಡಿತು. ಆ ದಾರ ಹಿಡಿದವರ ಜೊತೆ ಅಕಿಂಟೋಲ ನಿಂತಿದ್ದರು.

1964ರ ಮಾರ್ಚ್‌ನಲ್ಲಿ ಅವರು ಎನ್‌ಎನ್‌ಡಿಪಿ ಎಂಬ ಪಕ್ಷ ಕಟ್ಟಿದರು. ಜನ ಅದನ್ನು 'ಡೆಮೊ' ಅಂತ ಕರೆದರು. ಆ ವರ್ಷದ ಕೊನೆಯಲ್ಲಿ ನಡೆದ ಕೇಂದ್ರದ ಚುನಾವಣೆಗೆ ಉತ್ತರದ ಪಕ್ಷದ ಜೊತೆ ಬಹಿರಂಗವಾಗಿ ಮೈತ್ರಿ ಮಾಡಿಕೊಂಡರು.

ಒಳ್ಳೆಯ ಕೆಲಸ ಏನೂ ಮಾಡಲಿಲ್ವಾ?

ಮಾಡಿದರು. ಇಫೆ ವಿಶ್ವವಿದ್ಯಾಲಯ ಅವರ ಸರ್ಕಾರದ ಕಾಲದಲ್ಲಿ ಹುಟ್ಟಿತು. 1961ರಲ್ಲಿ ಕಾನೂನು ಆಯಿತು, 1962ರ ಅಕ್ಟೋಬರ್‌ನಲ್ಲಿ ಪಾಠ ಶುರುವಾಯಿತು. ಇಬಾದಾನ್‌ನ ನಡುಮಧ್ಯೆ ನಿಂತಿರುವ ಕೋಕೋ ಹೌಸ್ ಪೂರ್ತಿಯಾದದ್ದು 1965ರಲ್ಲಿ.

'ಆರೆ ಓನ ಕಕಂಫೊ' ಅಂದರೇನು?

ಹಳೆಯ ಓಯೊ ಸಾಮ್ರಾಜ್ಯದ ದಂಡನಾಯಕನ ಬಿರುದು. 1964ರಲ್ಲಿ ಓಯೊದ ಅರಸರು ಅಕಿಂಟೋಲಗೆ ಅದನ್ನು ಕೊಟ್ಟರು. ಅವರು 13ನೆಯ ಕಕಂಫೊ. ಅವರ ಊರಾದ ಒಗ್ಬೊಮೊಶೊದಲ್ಲಿ ಹಿಂದೆಯೂ ಈ ಬಿರುದು ಹೊತ್ತವರಿದ್ದರು.

ಕಕಂಫೊ ಆದವರಿಗೆ ನೆಮ್ಮದಿಯ ಸಾವು ಇಲ್ಲ ಅನ್ನುವುದು ಜನರ ನಂಬಿಕೆ. ಇನ್ನೊಂದು ನೆನಪೂ ಇದರ ಹಿಂದೆ ಇತ್ತು. ಇಲೊರಿನ್‌ನ ಅಫೊಂಜ ಎಂಬ ಕಕಂಫೊ ತನ್ನ ಅರಸನ ಮೇಲೆ ತಿರುಗಿಬಿದ್ದು, ಉತ್ತರದ ಫುಲಾನಿಗಳ ಸಹಾಯ ಪಡೆದಿದ್ದ. ಕೊನೆಗೆ ಅವರಿಂದಲೇ ಸತ್ತ. ಇಲೊರಿನ್ ಯೊರುಬ ಅರಸರ ಕೈಬಿಟ್ಟು ಹೋಯಿತು. ಅಹ್ಮದು ಬೆಲ್ಲೊ ಕೂಡ ಫುಲಾನಿ ರಾಜಮನೆತನದವರು. ಅಕಿಂಟೋಲ ಆ ಬೆಲ್ಲೊ ಕೈ ಹಿಡಿದದ್ದನ್ನು ಕಂಡ ಯೊರುಬ ಹಿರಿಯರಿಗೆ ಅಫೊಂಜ ನೆನಪಾಗದೆ ಇರುತ್ತಾನಾ?

1965ರ ಚುನಾವಣೆಯಲ್ಲಿ ಆದದ್ದೇನು?

ಅಕಿಂಟೋಲ ಜನರ ಮುಂದೆ ಹೋಗಲೇಬೇಕಾದ ದಿನ ಬಂತು. 1965ರ ಅಕ್ಟೋಬರ್ 11ರಂದು ಪ್ರಾಂತ್ಯದ ಚುನಾವಣೆ. ವಿರೋಧಿಗಳು ನಾಮಪತ್ರ ಹಿಡಿದು ಹೋದರೆ ತೆಗೆದುಕೊಳ್ಳಬೇಕಾದ ಅಧಿಕಾರಿಯೇ ನಾಪತ್ತೆ. ಎನ್‌ಎನ್‌ಡಿಪಿಯ ಹಲವು ಅಭ್ಯರ್ಥಿಗಳು ಮತದಾನಕ್ಕೂ ಮೊದಲೇ ಅವಿರೋಧವಾಗಿ ಗೆದ್ದರು. ಮತಪತ್ರಗಳು ಮತಗಟ್ಟೆಯ ಹೊರಗಿನವರ ಕೈಯಲ್ಲಿ ಓಡಾಡಿದವು. ಎಣಿಕೆ ಕೇಂದ್ರದಲ್ಲಿ ಗೆದ್ದವನು ರೇಡಿಯೋದಲ್ಲಿ ಸೋತಿದ್ದ. ಕೊನೆಗೆ ಎನ್‌ಎನ್‌ಡಿಪಿಗೆ ಭಾರಿ ಬಹುಮತ ಅಂತ ಸಾರಿದರು. ಅಕಿಂಟೋಲ ಪ್ರಮಾಣವಚನ ಸ್ವೀಕರಿಸಿದರು. ಗೆದ್ದದ್ದು ನಾವು ಅಂತ ಹೇಳಿ ತಮ್ಮದೇ ಸರ್ಕಾರ ಘೋಷಿಸಿದ ಅಡೆಗ್ಬೆನ್ರೊ ಬಂಧನಕ್ಕೆ ಒಳಗಾದರು.

ಅಕಿಂಟೋಲ ಬಗ್ಗೆ ಇರುವ ಬೇರೆ ಯಾವ ಆರೋಪಕ್ಕಾದರೂ ನಾನು ಎರಡು ಕಡೆಯ ಮಾತು ಕೇಳಬಲ್ಲೆ. ಇದಕ್ಕೆ ಆಗುವುದಿಲ್ಲ. ಉತ್ತರದ ಜೊತೆ ಸೇರುವುದು ಸರಿಯೋ ತಪ್ಪೋ ಅಂತ ಹೇಳಬೇಕಾದವರು ಪಶ್ಚಿಮದ ಮತದಾರರು. ಅವರು ಹೇಳಿದ್ದನ್ನು ಎಣಿಸಲೇ ಇಲ್ಲ.

ಬರಹಗಾರ ವೊಲೆ ಶೋಯಿಂಕಾ ರೇಡಿಯೋ ಕೇಂದ್ರಕ್ಕೆ ನುಗ್ಗಿದ ಕಥೆ ಇದೇ ಸಮಯದ್ದಾ?

ಹೌದು. ಗೆಲುವಿನ ಭಾಷಣ ಇಬಾದಾನ್ ರೇಡಿಯೋದಲ್ಲಿ ಪ್ರಸಾರ ಆಗಬೇಕಿತ್ತು. ಬಂದೂಕು ಹಿಡಿದ ಒಬ್ಬರು ಒಳಗೆ ಹೋಗಿ ಟೇಪ್ ಬದಲಿಸಿದರು. ಪ್ರೀಮಿಯರ್ ಜಾಗ ಖಾಲಿ ಮಾಡಲಿ ಎನ್ನುವ ಮಾತು ಜನರ ಕಿವಿಗೆ ಬಿತ್ತು. ಶೋಯಿಂಕಾ ಮೇಲೆ ಕೇಸಾಯಿತು, ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. 1986ರಲ್ಲಿ ನೊಬೆಲ್ ಪಡೆದವರು ಇವರೇ.

'ವೆಟಿಯೆ' ಅನ್ನುವುದು ಯಾವುದರ ಹೆಸರು?

ಹೇಳಲು ನೋವಾಗುತ್ತದೆ. ಅಲ್ಲಿನ ಪಿಜಿನ್, ಅಂದರೆ ಇಂಗ್ಲಿಷ್ ಬೆರೆತ ಆಡುಮಾತಿನಲ್ಲಿ ಅದರ ಅರ್ಥ 'ಒದ್ದೆ ಮಾಡು' ಅಂತ. ಮನೆ, ಕಾರು, ಮನುಷ್ಯರ ಮೇಲೂ ಪೆಟ್ರೋಲ್ ಸುರಿದು ಬೆಂಕಿ ಹಚ್ಚುತ್ತಿದ್ದರು. ಮತದ ದಾರಿ ಮುಚ್ಚಿದ ಮೇಲೆ ಜನ ಬೀದಿಗೆ ಬಂದರು. ರಸ್ತೆಗಳಿಗೆ ಅಡ್ಡಕಟ್ಟೆ ಹಾಕಿ ಬಂದವರನ್ನು ತಡೆದರು. ಎರಡೂ ಬಣದ ಗೂಂಡಾಗಳು ಕೈಮಾಡಿದರು. ಕೋಕೋಗೆ ಸರ್ಕಾರ ಕೊಡುವ ಬೆಲೆಯನ್ನು ಇಳಿಸಿದ್ದು ರೈತರ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಪಶ್ಚಿಮಕ್ಕೆ 'ವೈಲ್ಡ್ ವೈಲ್ಡ್ ವೆಸ್ಟ್' ಅಂತ ಹೆಸರು ಬಿತ್ತು. 1962ರಲ್ಲಿ ಸದನದ ಒಂದು ದಿನದ ಗಲಾಟೆಗೆ ತುರ್ತುಪರಿಸ್ಥಿತಿ ಹೇರಿದ್ದ ಬಲೆವಾ, ಊರೂರೇ ಉರಿಯುವಾಗ ಸುಮ್ಮನಿದ್ದರು. ಈಗ ಕುರ್ಚಿಯಲ್ಲಿದ್ದದ್ದು ಅವರ ಮಿತ್ರ.

ಅವರ ಸಾವು ಹೇಗಾಯಿತು?

1966ರ ಜನವರಿ 14ರಂದು ಅಕಿಂಟೋಲ ವಿಮಾನದಲ್ಲಿ ಉತ್ತರದ ರಾಜಧಾನಿ ಕಡೂನಾಗೆ ಹೋಗಿ ಅಹ್ಮದು ಬೆಲ್ಲೊ ಅವರನ್ನು ಕಂಡರು. ಸೇನೆಯಲ್ಲಿ ಏನೋ ನಡೆಯುತ್ತಿದೆ ಎಂಬ ಸುಳಿವು ಅವರಿಗೆ ಸಿಕ್ಕಿತ್ತು. ಸಂಜೆ ಇಬಾದಾನ್‌ಗೆ ಮರಳಿದರು. ಆ ರಾತ್ರಿಯೇ ಕ್ಯಾಪ್ಟನ್ ಎಮ್ಯಾನುಯೆಲ್ ನ್ವೊಬೊಸಿ ನೇತೃತ್ವದಲ್ಲಿ ಅಬೆಯೊಕುಟದಿಂದ ಸೈನಿಕರು ಬಂದರು. ಮೊದಲು ಉಪ ಪ್ರೀಮಿಯರ್ ರೆಮಿ ಫಾನಿ-ಕಯೋಡೆ ಅವರನ್ನು ಹಿಡಿದರು. ಅವರ ಮನೆಯಿಂದ ಅಕಿಂಟೋಲಗೆ ಫೋನ್ ಹೋಯಿತು. ಸೈನಿಕರು ಬರುವಷ್ಟರಲ್ಲಿ ಅವರು ಬಂದೂಕು ಹಿಡಿದು ಸಿದ್ಧರಿದ್ದರು. ಗುಂಡು ಹಾರಿಸಿ ಕೆಲವರನ್ನು ಗಾಯಗೊಳಿಸಿದರು. ಕೊನೆಗೆ ತಾವೂ ಗುಂಡಿಗೆ ಸಿಕ್ಕಿದರು. ಬಲೆವಾ ಮತ್ತು ಅಹ್ಮದು ಬೆಲ್ಲೊ ಅವರನ್ನೂ ಅದೇ ದಂಗೆಯಲ್ಲಿ ಕೊಂದರು.

ಪಶ್ಚಿಮದಲ್ಲಿ ಹಲವರು ಆ ಸುದ್ದಿ ಕೇಳಿ ಕುಣಿದಾಡಿದರು. ಕೊಲೆಗೆ ಕುಣಿಯುವಷ್ಟು ಕಹಿ ಜನರ ಮನಸ್ಸಿನಲ್ಲಿ ತುಂಬಿತ್ತು ಅಂದರೆ ಎಂಥ ಕಾಲ ಅದು. ದೇಶ ಅಲ್ಲಿಂದ ಇನ್ನೊಂದು ದಂಗೆಗೆ, ಸಾಮೂಹಿಕ ಹತ್ಯೆಗಳಿಗೆ, 1967ರಲ್ಲಿ ಪೂರ್ವ ಪ್ರಾಂತ್ಯ ಬೇರೆಯಾಗಲು ಹೊರಟಾಗ ಬಿಯಾಫ್ರಾ ಯುದ್ಧಕ್ಕೆ ಜಾರಿತು.

ಇವತ್ತು ಅವರನ್ನು ಹೇಗೆ ನೆನೆಯುತ್ತಾರೆ?

ಅವರ ಪರ ಮಾತಾಡುವವರು ಒಂದು ವಿಷಯ ಎತ್ತುತ್ತಾರೆ. 2015ರಲ್ಲಿ ಯೊರುಬ ನಾಡಿನ ನಾಯಕರು ಉತ್ತರದವರ ಜೊತೆ ಸೇರಿಯೇ ದೇಶದ ಅಧಿಕಾರ ಹಿಡಿದರಲ್ಲ, ಅಕಿಂಟೋಲ ಹೇಳಿದ್ದೂ ಅದನ್ನೇ ಅಲ್ವಾ ಎಂದು. ಮಾತಿನಲ್ಲಿ ಹುರುಳಿದೆ. ಆದರೆ 2015ರಲ್ಲಿ ಜನ ಮತ ಹಾಕಿ ಗೆಲ್ಲಿಸಿದ್ದರು.

ಅವರ ಕಾಲದಲ್ಲಿ ಶುರುವಾದ ಇಫೆ ವಿಶ್ವವಿದ್ಯಾಲಯಕ್ಕೆ 1987ರಿಂದ ಅವೊಲೊವೊ ಹೆಸರಿದೆ. ಒಗ್ಬೊಮೊಶೊದಲ್ಲಿ 1990ರಲ್ಲಿ ಶುರುವಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಲಡೋಕೆ ಅಕಿಂಟೋಲ ಹೆಸರಿಟ್ಟರು. 2023ರಲ್ಲಿ ಇಬಾದಾನ್ ವಿಮಾನ ನಿಲ್ದಾಣಕ್ಕೂ ಅವರ ಹೆಸರು ಬಂತು. ಅದೇ ಇಬಾದಾನ್‌ನ ದೊಡ್ಡ ಕ್ರೀಡಾಂಗಣಕ್ಕೆ ಅವೊಲೊವೊ ಹೆಸರಿದೆ.